ತಿರುಗು ಅಂದರೆ ತಿರುಗದ ಸಾಲು: ಟ್ರಾನ್ಸ್‌ಪೋಸ್ ಎಂಬ ಸಣ್ಣ ತೀರ್ಮಾನದ ದೊಡ್ಡ ತಕರಾರು

ಎಂಜಿನಿಯರಿಂಗ್ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದ ಹೊಸದರಲ್ಲಿ ಟ್ಯಾಂಕರ್ ನೀರಿನ ಬಗ್ಗೆ ಒಂದು ಡೇಟಾ ಸ್ಟೋರಿ ಮಾಡುತ್ತಿದ್ದೆ. ಎರಡು ಜಿಲ್ಲೆಗಳ 12 ತಾಲೂಕು, ಜನವರಿಯಿಂದ ಡಿಸೆಂಬರ್‌ವರೆಗೆ 12 ತಿಂಗಳು. ಯಾವ ತಾಲೂಕಿಗೆ ಯಾವ ತಿಂಗಳು ಎಷ್ಟು ಲೀಟರ್ ಹೋಯಿತು ಅನ್ನೋ ಕೋಷ್ಟಕ ಒಂದು ಕಡೆ, ಆ 12 ತಾಲೂಕುಗಳ ಜನಸಂಖ್ಯೆಯ ಪಟ್ಟಿ ಇನ್ನೊಂದು ಕಡೆ. ಇದನ್ನು ಅದರಿಂದ ಭಾಗಿಸಿದರೆ ತಲಾ ಎಷ್ಟು ಲೀಟರ್ ಅಂತ ಗೊತ್ತಾಗುತ್ತೆ. ಪೈಥಾನ್‌ನಲ್ಲಿ ಒಂದೇ ಸಾಲಿನ ಕೆಲಸ.

ಉತ್ತರ ಬಂತು, ಗ್ರಾಫ್ ಕೂಡ ಬಂತು. ಏಪ್ರಿಲ್‌ನಲ್ಲಿ ಹನ್ನೆರಡೂ ತಾಲೂಕುಗಳ ತಲಾ ನೀರು ಪಾತಾಳಕ್ಕೆ ಇಳಿದಿತ್ತು. ಬಿರುಬೇಸಿಗೆಯಲ್ಲೇ ವ್ಯವಸ್ಥೆ ಕೈಕೊಟ್ಟಿತು ಅನ್ನೋ ಅರ್ಥದ ಶೀರ್ಷಿಕೆಯೂ ರೆಡಿ. ಪ್ರಕಟಿಸುವ ಮುಂಚೆ ಅಲ್ಲಿನ ಹಿರಿಯ ವರದಿಗಾರರೊಬ್ಬರಿಗೆ ಕಳಿಸಿದೆ. ಅವರು ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಏನಪ್ಪಾ, ಏಪ್ರಿಲ್‌ನಾಗ ನಮ್ಮ ಕಡೆ ಟ್ಯಾಂಕರ್ ಜಾಸ್ತಿ ಓಡ್ಯಾವು. ನೀ ಕಡಿಮಿ ಆಗ್ಯಾವ ಅಂತ ಬರ್ದೀಯಲ್ಲ?"

ಎರಡು ರಾತ್ರಿ ಕೂತು ಹುಡುಕಿದ ಮೇಲೆ ತಪ್ಪು ಸಿಕ್ಕಿತು. ಏಪ್ರಿಲ್ ನಾಲ್ಕನೇ ತಿಂಗಳು. ನನ್ನ ಪಟ್ಟಿಯಲ್ಲಿ ನಾಲ್ಕನೆಯದಾಗಿದ್ದ ತಾಲೂಕು ಜನಸಂಖ್ಯೆಯಲ್ಲಿ ಎಲ್ಲಕ್ಕಿಂತ ದೊಡ್ಡದು. ಕಂಪ್ಯೂಟರ್ ಪ್ರತಿ ತಾಲೂಕಿನ ನೀರನ್ನು ಆಯಾ ತಾಲೂಕಿನ ಜನಸಂಖ್ಯೆಯಿಂದ ಭಾಗಿಸಿರಲಿಲ್ಲ. ಜನವರಿಯ ಎಲ್ಲಾ ಅಂಕಿಗಳನ್ನು ಮೊದಲ ತಾಲೂಕಿನ ಜನಸಂಖ್ಯೆಯಿಂದ, ಫೆಬ್ರವರಿಯದನ್ನು ಎರಡನೆಯದರಿಂದ, ಏಪ್ರಿಲ್‌ನದನ್ನು ಆ ದೊಡ್ಡ ತಾಲೂಕಿನಿಂದ ಭಾಗಿಸಿತ್ತು.

ಇದೆಷ್ಟು ಅಪಾಯ ಅಂತ ಒಂದು ಪುಟ್ಟ ಲೆಕ್ಕದಲ್ಲಿ ನೋಡಿ. ಎರಡೇ ತಾಲೂಕು ಇವೆ ಅಂದುಕೊಳ್ಳೋಣ. ಮೊದಲನೆಯದರಲ್ಲಿ 1 ಲಕ್ಷ ಜನ, ಎರಡನೆಯದರಲ್ಲಿ 4 ಲಕ್ಷ. ಎರಡಕ್ಕೂ ಎರಡು ತಿಂಗಳೂ ತಲಾ 8 ಲಕ್ಷ ಲೀಟರ್ ನೀರು ಕೊಟ್ಟಿದ್ದಾರೆ. ಸರಿಯಾದ ಉತ್ತರ: ಮೊದಲ ತಾಲೂಕಿನವರಿಗೆ ಎರಡೂ ತಿಂಗಳು ತಲೆಗೆ 8 ಲೀಟರ್, ಎರಡನೆಯದರವರಿಗೆ ಎರಡೂ ತಿಂಗಳು 2 ಲೀಟರ್. ನನ್ನ ತಪ್ಪು ಲೆಕ್ಕದ ಉತ್ತರ: ಮೊದಲ ತಿಂಗಳು ಎಲ್ಲರಿಗೂ 8, ಎರಡನೇ ತಿಂಗಳು ಎಲ್ಲರಿಗೂ 2. ಗಮನಿಸಿದಿರಾ? ಎರಡು ಊರುಗಳ ನಡುವಿನ ಅನ್ಯಾಯ ಹವಾಮಾನದ ಸುದ್ದಿ ಆಗಿಬಿಡ್ತು. ಅಂಕಿಗಳೆಲ್ಲ ನಂಬುವಂತೆಯೇ ಇವೆ, ಹೇಳುವ ಕಥೆ ಮಾತ್ರ ಬೇರೆ.

ಮತ್ತೆ ನಾಚಿಕೆಯ ಭಾಗ ಇರೋದು ಇಲ್ಲಿ. ನನಗೆ ಮೊದಲೇ ಅನುಮಾನ ಇತ್ತು. ಕೋಷ್ಟಕದಲ್ಲಿ ತಾಲೂಕುಗಳು ಅಡ್ಡಸಾಲುಗಳು, ತಿಂಗಳುಗಳು ಕಂಬಸಾಲುಗಳು. ಜನಸಂಖ್ಯೆಯ ಪಟ್ಟಿ ಅಡ್ಡಕ್ಕೆ ಮಲಗಿದ್ದರೆ ಲೆಕ್ಕ ಕೆಡುತ್ತೆ, ಕಂಬದ ಹಾಗೆ ನಿಲ್ಲಬೇಕು ಅಂತ ಅನ್ನಿಸಿ ಪಟ್ಟಿಯ ಹೆಸರಿನ ಮುಂದೆ ಡಾಟ್ ಟಿ ಸೇರಿಸಿದ್ದೆ. ಟಿ ಅಂದರೆ ಟ್ರಾನ್ಸ್‌ಪೋಸ್: ಅಡ್ಡವನ್ನು ಕಂಬ ಮಾಡು, ಕಂಬವನ್ನು ಅಡ್ಡ ಮಾಡು. ಪ್ರೋಗ್ರಾಂ ಒಂದು ಎಚ್ಚರಿಕೆಯನ್ನೂ ಕೊಡದೆ ಓಡಿತು. ಹಾಗಾಗಿ ಪಟ್ಟಿ ತಿರುಗಿದೆ ಅಂತಲೇ ನಂಬಿದ್ದೆ. ಅದು ತಿರುಗಿರಲೇ ಇಲ್ಲ.

ಯಾಕೆ ತಿರುಗಲಿಲ್ಲ ಅನ್ನೋದು ಬಗ್ ಅಲ್ಲ, ಬೇಕಂತಲೇ ತೆಗೆದುಕೊಂಡ ತೀರ್ಮಾನ. ಅದನ್ನ ತೆಗೆದುಕೊಂಡವರು ಯಾರು, ಯಾಕೆ, ಈಗ ಯಾಕೆ ಬದಲಿಸೋಕಾಗಲ್ಲ ಅಂತ ವಿವರಿಸೋದಕ್ಕೇ ಈ ಬರಹ.

ನಾನು ಬಳಸಿದ್ದು ನಂಪೈ. ಪೈಥಾನ್‌ನಲ್ಲಿ ಅಂಕಿಗಳ ಜೊತೆ ಕೆಲಸ ಮಾಡುವ ಯಾರೇ ಆಗಲಿ ನೇರವಾಗಿಯೋ ಪರೋಕ್ಷವಾಗಿಯೋ ಇದರ ಮೇಲೆ ನಿಂತಿರುತ್ತಾರೆ. 2019ರಲ್ಲಿ ಬಂತಲ್ಲ ಕಪ್ಪುಕುಳಿಯ ಮೊದಲ ಚಿತ್ರ, ಅದರ ಹಿಂದಿನ ಲೆಕ್ಕದಲ್ಲೂ ನಂಪೈ ಇದೆ. ಇದರ ಪೂರ್ವಜ ಜಿಮ್ ಹ್ಯೂಗುನಿನ್ 1995ರಲ್ಲಿ ಬರೆದ ನ್ಯೂಮೆರಿಕ್. ಆಮೇಲೆ ನಮ್‌ಅರೇ ಅಂತ ಇನ್ನೊಂದು ಹುಟ್ಟಿ ಬಳಕೆದಾರರು ಎರಡು ಬಣವಾದರು. ಟ್ರಾವಿಸ್ ಆಲಿಫಂಟ್ ಎರಡನ್ನೂ ಬೆಸೆದು 2006ರಲ್ಲಿ ನಂಪೈ 1.0 ತಂದರು.

ನಂಪೈ ಕೋಷ್ಟಕವನ್ನು ಇಟ್ಟುಕೊಳ್ಳುವ ರೀತಿ ಗೊತ್ತಾದರೆ ಉಳಿದದ್ದು ತಾನಾಗೇ ಅರ್ಥವಾಗುತ್ತೆ. ಮೆಮೊರಿಯಲ್ಲಿ ಕೋಷ್ಟಕ ಅನ್ನೋದು ಇಲ್ಲವೇ ಇಲ್ಲ. ಅಲ್ಲಿರೋದು ಒಂದೇ ಉದ್ದನೆಯ ಸಾಲು. ನನ್ನ 12ಕ್ಕೆ 12ರ ಕೋಷ್ಟಕ ಅಂದರೆ 144 ಅಂಕಿ ಒಂದರ ಹಿಂದೊಂದು. ಒಂದೊಂದಕ್ಕೆ 8 ಬೈಟ್. ಜೊತೆಗೆ ಒಂದು ಚೀಟಿ ಇರುತ್ತೆ: 'ಪಕ್ಕದ ತಿಂಗಳಿಗೆ ಹೋಗಬೇಕಾದರೆ 8 ಬೈಟ್ ಜಿಗಿ, ಕೆಳಗಿನ ತಾಲೂಕಿಗೆ ಹೋಗಬೇಕಾದರೆ 96 ಬೈಟ್ ಜಿಗಿ.' ಈ ಜಿಗಿತಗಳನ್ನೇ ಸ್ಟ್ರೈಡ್ ಅಂತಾರೆ.

ಈಗ ಟ್ರಾನ್ಸ್‌ಪೋಸ್ ಮಾಡಿ ಅಂದರೆ ನಂಪೈ ಏನು ಮಾಡುತ್ತೆ? ಅಂಕಿಗಳನ್ನು ಮುಟ್ಟೋದೇ ಇಲ್ಲ. ಹೊಸ ಚೀಟಿ ಬರೆದು ಅದರಲ್ಲಿ 96ನ್ನೂ 8ನ್ನೂ ಅದಲುಬದಲು ಮಾಡುತ್ತೆ, ಅಷ್ಟೇ. 144 ಅಂಕಿ ಇದ್ದರೂ ಅಷ್ಟೇ ಕೆಲಸ, 144 ಕೋಟಿ ಇದ್ದರೂ ಅಷ್ಟೇ ಕೆಲಸ. ಇದು ನಿಜಕ್ಕೂ ಚೆಂದದ ಉಪಾಯ. ಕಾಲೇಜಿನಲ್ಲಿ ಟ್ರಾನ್ಸ್‌ಪೋಸ್ ಮಾಡೋಕೆ ಎರಡು ಲೂಪ್ ಬರೆದು ಬೈಸಿಕೊಂಡಿದ್ದ ನನಗೆ ಇದನ್ನ ಮೊದಲ ಸಲ ಓದಿದಾಗ ಮೋಸ ಹೋದ ಹಾಗೆ ಅನ್ನಿಸಿತ್ತು.

ಉಪಾಯಕ್ಕೆ ಬೆಲೆಯೂ ಇದೆ. ತಿರುಗಿಸಿದ ಕೋಷ್ಟಕ, ಮೂಲ ಕೋಷ್ಟಕ ಎರಡೂ ಒಂದೇ ಮೆಮೊರಿ. ಒಂದರಲ್ಲಿ ಅಂಕಿ ತಿದ್ದಿದರೆ ಇನ್ನೊಂದರಲ್ಲೂ ಬದಲಾಗುತ್ತೆ. ಕೋಷ್ಟಕಕ್ಕೆ ಅದರದೇ ಟ್ರಾನ್ಸ್‌ಪೋಸನ್ನು ಅಲ್ಲಲ್ಲೇ ಕೂಡಿಸಿದರೆ, ಓದಬೇಕಾದ ಅಂಕಿಯ ಮೇಲೆ ಆಗಲೇ ಹೊಸ ಅಂಕಿ ಬರೆದಾಗಿರುವ ಸಾಧ್ಯತೆ. ಹಳೇ ನಂಪೈನಲ್ಲಿ ಇಂಥ ಕಡೆ ಚಿಕ್ಕ ಕೋಷ್ಟಕಕ್ಕೆ ಸರಿ ಉತ್ತರ, ದೊಡ್ಡದಕ್ಕೆ ತಪ್ಪು ಉತ್ತರ ಬರುತ್ತಿತ್ತು. 2017ರ 1.13 ಆವೃತ್ತಿಯಲ್ಲಿ ಇದನ್ನ ಸರಿಪಡಿಸಿದರು.

ಸರಿ, ಎರಡು ಅಕ್ಷ ಇದ್ದಾಗ ಅದಲುಬದಲು. ನನ್ನ ಜನಸಂಖ್ಯೆಯ ಪಟ್ಟಿಗೆ ಇರೋದು ಒಂದೇ ಅಕ್ಷ. ಅದು ಅಡ್ಡವೂ ಅಲ್ಲ, ಕಂಬವೂ ಅಲ್ಲ, ಬರೀ 12 ಅಂಕಿಗಳ ಪಟ್ಟಿ. ಅದನ್ನ ಟ್ರಾನ್ಸ್‌ಪೋಸ್ ಮಾಡು ಅಂದರೆ ಏನರ್ಥ?

ಅಡ್ಡವೋ ಕಂಬವೋ

ನಂಪೈ ಆರಿಸಿಕೊಂಡ ನಿಯಮ ಹೀಗಿದೆ: ಟ್ರಾನ್ಸ್‌ಪೋಸ್ ಅಂದರೆ ಅಕ್ಷಗಳ ಪಟ್ಟಿಯನ್ನು ಹಿಂದುಮುಂದು ಮಾಡುವುದು. ಎರಡು ಅಕ್ಷ ಇದ್ದರೆ ಅವು ಅದಲುಬದಲಾಗುತ್ತವೆ. ಮೂರಿದ್ದರೆ ಮೊದಲನೆಯದು ಕೊನೆಗೆ, ಕೊನೆಯದು ಮೊದಲಿಗೆ. ಒಂದೇ ಇದ್ದರೆ ಹಿಂದುಮುಂದು ಮಾಡಿದರೂ ಅದೇ. ಆದ್ದರಿಂದ ಏನೂ ಮಾಡದೆ ಪಟ್ಟಿಯನ್ನು ಹಾಗೇ ವಾಪಸ್ ಕೊಡು. ನಿಯಮ ನಂಪೈನ ಸ್ವಂತದ್ದಲ್ಲ, ಕೆನೆತ್ ಐವರ್‌ಸನ್ ರೂಪಿಸಿದ ಎಪಿಎಲ್ ಭಾಷೆಯಲ್ಲೂ ಟ್ರಾನ್ಸ್‌ಪೋಸ್ ಚಿಹ್ನೆ ಅಕ್ಷಗಳನ್ನು ಹೀಗೇ ಹಿಂದುಮುಂದು ಮಾಡುತ್ತೆ. ಎಷ್ಟೇ ಅಕ್ಷ ಬರಲಿ ಒಂದೇ ವಾಕ್ಯದ ನಿಯಮ. ಎರಡು ಸಲ ಮಾಡಿದರೆ ಮೊದಲಿದ್ದದ್ದೇ ಬರುತ್ತೆ ಅನ್ನೋ ಗಣಿತದ ಗುಣವೂ ಉಳಿಯುತ್ತೆ. ಎಂಜಿನಿಯರ್ ಮನಸ್ಸಿಗೆ ಇದಕ್ಕಿಂತ ಸಮಾಧಾನದ ವ್ಯಾಖ್ಯಾನ ಸಿಗಲ್ಲ.

ಮ್ಯಾಟ್‌ಲ್ಯಾಬ್‌ಗೆ ಈ ಪ್ರಶ್ನೆಯೇ ಹುಟ್ಟಲಿಲ್ಲ. ಅಲ್ಲಿ ಎಲ್ಲವೂ ಕನಿಷ್ಠ ಎರಡು ಅಕ್ಷದ ಮಾತೃಕೆ. ಒಂದೇ ಒಂದು ಅಂಕಿ ಕೂಡ 1ಕ್ಕೆ 1ರ ಮಾತೃಕೆ. ಹಾಗಾಗಿ ಪ್ರತಿ ಪಟ್ಟಿ ಹುಟ್ಟುವಾಗಲೇ ಅಡ್ಡವೋ ಕಂಬವೋ ಅಂತ ಜಾತಿ ಬರೆಸಿಕೊಂಡೇ ಬರುತ್ತೆ. ಅಲ್ಲಿ ಬೇರೆ ತಲೆನೋವು ಇದೆ: ಒಂಟಿ ಉದ್ಧರಣ ಚಿಹ್ನೆ ಹಾಕಿದರೆ ತಿರುಗಿಸೋದರ ಜೊತೆಗೆ ಕಾಂಪ್ಲೆಕ್ಸ್ ಸಂಖ್ಯೆಗಳ ಕಾಲ್ಪನಿಕ ಭಾಗದ ಚಿಹ್ನೆಯನ್ನೂ ಬದಲಿಸುತ್ತೆ. ಬರೀ ತಿರುಗಿಸಬೇಕು ಅಂದರೆ ಅದರ ಹಿಂದೆ ಒಂದು ಚುಕ್ಕಿ ಇಡಬೇಕು. ಸಾಮಾನ್ಯ ಅಂಕಿಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು ಸಿಗ್ನಲ್ ಪ್ರಾಸೆಸಿಂಗ್‌ಗೆ ಬಂದ ದಿನ ಈ ಚುಕ್ಕಿಯ ಬೆಲೆ ಕಲಿಯುತ್ತಾರೆ.

ನಿಜವಾದ ಜಗಳ ನಡೆದದ್ದು ಜೂಲಿಯಾ ಭಾಷೆಯಲ್ಲಿ. ವಿಜ್ಞಾನದ ಲೆಕ್ಕಕ್ಕೆಂದೇ ಮಾಡಿದ, 2012ರಲ್ಲಿ ಹೊರಬಂದ ಭಾಷೆ ಅದು. ಅಲ್ಲೂ ಒಂದೇ ಅಕ್ಷದ ಪಟ್ಟಿಗಳಿವೆ. ಆದರೆ ಮೊದಲ ಆವೃತ್ತಿಗಳಲ್ಲಿ ಪಟ್ಟಿಯನ್ನು ತಿರುಗಿಸಿದರೆ ಒಂದೇ ಅಡ್ಡಸಾಲಿರುವ, ಎರಡು ಅಕ್ಷದ ಮಾತೃಕೆ ಬರುತ್ತಿತ್ತು. ಕೇಳೋಕೆ ಸರಿ ಅನ್ಸುತ್ತೆ ಅಲ್ವಾ? ಈಗ ಅದನ್ನ ಇನ್ನೊಮ್ಮೆ ತಿರುಗಿಸಿ. ಒಂದೇ ಕಂಬಸಾಲಿನ ಮಾತೃಕೆ ಬರುತ್ತೆ, ಹೊರಟ ಪಟ್ಟಿ ವಾಪಸ್ ಬರಲ್ಲ. ಎರಡು ಸಲ ತಿರುಗಿದರೂ ಮನೆ ಸೇರಲಿಲ್ಲ. ಇನ್ನೂ ಕೆಟ್ಟದ್ದು: ಪಟ್ಟಿಯ ಟ್ರಾನ್ಸ್‌ಪೋಸನ್ನು ಪಟ್ಟಿಯಿಂದ ಗುಣಿಸಿದರೆ ಪಿಯುಸಿಯಲ್ಲಿ ಕಲಿತ ಹಾಗೆ ಒಂದು ಸಂಖ್ಯೆ ಬರಬೇಕು. ಬರುತ್ತಿದ್ದದ್ದು ಒಂದೇ ಅಂಕಿಯನ್ನು ಒಳಗಿಟ್ಟುಕೊಂಡ ಪಟ್ಟಿ.

2013ರಿಂದ 2017ರವರೆಗೆ ಜೂಲಿಯಾ ಬಳಗ ಇದನ್ನೇ ಚರ್ಚಿಸಿತು. ಒಂದು ಚಿಹ್ನೆಗೆ ನಾಲ್ಕು ವರ್ಷ! ಮೊದಮೊದಲು ನನಗೂ ನಗು ಬಂದಿತ್ತು. ಆದರೆ ಅವರು ಕೊನೆಗೆ ಕಂಡುಕೊಂಡದ್ದು ಗಂಭೀರವಾದದ್ದೇ. ಟ್ರಾನ್ಸ್‌ಪೋಸ್ ಅನ್ನೋ ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸಗಳಿವೆ. ಒಂದು, ಕಾಗದ ತಿರುಗಿಸುವ ಕೆಲಸ: ಕೋಷ್ಟಕದಲ್ಲಿ ಏನೇ ಇರಲಿ, ಅಂಕಿಯೋ ಹೆಸರೋ, ಅಡ್ಡವನ್ನು ಕಂಬ ಮಾಡುವುದು. ಇನ್ನೊಂದು, ಗಣಿತದ ಕೆಲಸ: ಒಂದು ವೆಕ್ಟರನ್ನು, ವೆಕ್ಟರುಗಳನ್ನು ಅಳೆಯುವ ಸಾಧನವಾಗಿ ಬದಲಿಸುವುದು. ಭೌತಶಾಸ್ತ್ರ ಓದಿದವರಿಗೆ ಪಾಲ್ ಡಿರಾಕ್ 1939ರಲ್ಲಿ ಕೊಟ್ಟ ಬ್ರಾ ಮತ್ತು ಕೆಟ್ ಚಿಹ್ನೆಗಳು ನೆನಪಿರಬಹುದು. ಕೆಟ್ ಒಂದು ವಸ್ತು, ಬ್ರಾ ಅದನ್ನ ಅಳೆಯುವ ಕೋಲು. ಒಂದನ್ನು ಮಲಗಿಸಿದರೆ ಇನ್ನೊಂದು ಅಂತಲ್ಲ, ಅವು ಬೇರೆ ಬೇರೆ ಜಾತಿಯವು.

ಆದ್ದರಿಂದ ಜೂಲಿಯಾ ತಿರುಗಿದ ಪಟ್ಟಿಗೆ ಬೇರೆಯದೇ ಬಗೆಯನ್ನು ಸೃಷ್ಟಿಸಿತು. 2017ರ 0.6 ಆವೃತ್ತಿಯಲ್ಲಿ ಅಡ್ಡಸಾಲಿನ ವೆಕ್ಟರ್ ಅಂತಲೇ ಒಂದು ಬಗೆ ಬಂತು. 2018ರ ಆಗಸ್ಟ್‌ನಲ್ಲಿ 1.0 ಬರುವ ಹೊತ್ತಿಗೆ ಅದು ಎಲ್ಲಾ ಮಾತೃಕೆಗಳಿಗೂ ಸುತ್ತಬಹುದಾದ ಹೊದಿಕೆಯಾಯಿತು. ಅಂಕಿಗಳನ್ನು ಅಲುಗಿಸಲ್ಲ, ಮೇಲೆ 'ಇದು ತಿರುಗಿದ್ದು' ಅನ್ನೋ ಹೊದಿಕೆ. ಎರಡನೇ ಸಲ ತಿರುಗಿಸಿದರೆ ಹೊದಿಕೆ ಕಳಚುತ್ತೆ, ಮೂಲ ಪಟ್ಟಿಯೇ ಸಿಗುತ್ತೆ. ಗುಣಿಸಿದರೆ ಸಂಖ್ಯೆ ಬರುತ್ತೆ. ಹೆಸರುಗಳ ಕೋಷ್ಟಕವನ್ನು ಈ ಗಣಿತದ ಟ್ರಾನ್ಸ್‌ಪೋಸ್‌ನಿಂದ ತಿರುಗಿಸೋಕೆ ಹೋದರೆ ಜೂಲಿಯಾ ಒಪ್ಪಲ್ಲ, ಅದಕ್ಕೆ ಅಕ್ಷ ಬದಲಿಸುವ ಬೇರೆ ಫಂಕ್ಷನ್ ಇದೆ. ನನ್ನ ಟ್ಯಾಂಕರ್ ಲೆಕ್ಕವನ್ನು ಜೂಲಿಯಾದಲ್ಲಿ ಮಾಡಿದ್ದರೆ? ಅಲ್ಲಿ ಪಟ್ಟಿ ಮೊದಲೇ ಕಂಬದಂತೆ ನಡೆದುಕೊಳ್ಳುತ್ತೆ, ಭಾಗಾಕಾರ ತಾಲೂಕುವಾರು ಆಗುತ್ತಿತ್ತು. ಅನುಮಾನದಿಂದ ನಾನು ತಿರುಗಿಸಿದ್ದರೆ ಅದು ನಿಜವಾಗಲೂ ತಿರುಗಿ ಆಗಲೂ ತಪ್ಪು ಬರುತ್ತಿತ್ತು ಬಿಡಿ. ಆದರೆ ಆ ತಪ್ಪು ನನ್ನದಾಗಿರುತ್ತಿತ್ತು.

ನಂಪೈಗೆ ಮರಳೋಣ. ಅಲ್ಲಿ ಒಂದೇ ಅಕ್ಷದ ಪಟ್ಟಿ ಸಂದರ್ಭ ನೋಡಿ ಪಕ್ಷ ಸೇರುವ ಪಕ್ಷೇತರ ಶಾಸಕನ ಹಾಗೆ. ಮಾತೃಕೆಯ ಗುಣಾಕಾರದಲ್ಲಿ ಎಡಗಡೆ ನಿಂತರೆ ಅಡ್ಡಸಾಲು, ಬಲಗಡೆ ನಿಂತರೆ ಕಂಬಸಾಲು. ಇದರಿಂದ ಅನುಕೂಲ ಇದೆ, ಸುಳ್ಳಲ್ಲ. ಆದರೆ ಡಾಟ್ ಟಿ ಸೇರಿದಾಗ ಏನಾಗುತ್ತೆ ನೋಡಿ. ಪಟ್ಟಿಯ ಟ್ರಾನ್ಸ್‌ಪೋಸ್ ಗುಣಿಸು ಪಟ್ಟಿ ಅಂದರೆ ಒಂದು ಸಂಖ್ಯೆ ಬರುತ್ತೆ, ಸರಿ. ಪಟ್ಟಿ ಗುಣಿಸು ಪಟ್ಟಿಯ ಟ್ರಾನ್ಸ್‌ಪೋಸ್ ಅಂದರೆ 12ಕ್ಕೆ 12ರ ಮಾತೃಕೆ ಬರಬೇಕು. ಬರೋದು ಅದೇ ಒಂದು ಸಂಖ್ಯೆ. ಕೋಡ್ ಓದಿದವರಿಗೆ ಕಾಣುವ ಗಣಿತ ಒಂದು, ಕಂಪ್ಯೂಟರ್ ಮಾಡಿದ ಗಣಿತ ಇನ್ನೊಂದು.

ಮೂರು ಅಕ್ಷಕ್ಕೆ ಹೋದರೆ ಮತ್ತೊಂದು ಅವಾಂತರ. ಕಳೆದ ಹತ್ತು-ಹದಿನೈದು ವರ್ಷದಲ್ಲಿ ಮಷಿನ್ ಲರ್ನಿಂಗ್ ಬಂದ ಮೇಲೆ ಕೋಷ್ಟಕಗಳು ಒಂಟಿಯಾಗಿ ಬರೋದು ನಿಂತಿದೆ, ಕಟ್ಟುಗಟ್ಟಲೆ ಬರುತ್ತವೆ. 100 ಫೋಟೊ, ಪ್ರತಿಯೊಂದರಲ್ಲಿ 28 ಅಡ್ಡಸಾಲು, 40 ಕಂಬಸಾಲು. ಪ್ರತಿ ಫೋಟೊವನ್ನೂ ತಿರುಗಿಸಬೇಕು ಅಂತ ಡಾಟ್ ಟಿ ಹಾಕಿದರೆ 100, 40, 28 ಅಂತ ಬರೋ ಬದಲು 40, 28, 100 ಅಂತ ಬರುತ್ತೆ. ಫೋಟೊಗಳೇ ಚೂರುಚೂರಾಗಿ ಕಲಸಿಹೋದವು. ಎಲ್ಲಾ ಅಕ್ಷವನ್ನೂ ಹಿಂದುಮುಂದು ಮಾಡುವ ಕೆಲಸ ನಿಜ ಜೀವನದಲ್ಲಿ ಯಾರಿಗೆ ಬೇಕು ಅಂತ ಕೇಳಿದರೆ ಉತ್ತರ: ಬಹಳ ಕಡಿಮೆ ಜನಕ್ಕೆ. ನಿಯಮದ ಸೌಂದರ್ಯಕ್ಕೆ ಬಳಕೆದಾರ ಬೆಲೆ ಕೊಟ್ಟ ಹಾಗಾಯ್ತು.

ಹಾಗಾದರೆ ಬದಲಿಸಬಾರದೇಕೆ?

ರಾಜಕೀಯ ಶುರುವಾಗೋದು ಇಲ್ಲಿ. ಒಂದೇ ಅಕ್ಷದ ಪಟ್ಟಿಗೆ ಡಾಟ್ ಟಿ ಹಾಕಿದರೆ ಎರರ್ ಕೊಡಿ ಅಂತ ನಾಳೆ ನಂಪೈ ತೀರ್ಮಾನಿಸಿತು ಅಂದುಕೊಳ್ಳಿ. ಸರಿಯಾಗಿ ಓಡುತ್ತಿರುವ ಎಷ್ಟೋ ಪ್ರೋಗ್ರಾಂಗಳು ಬೆಳಗಾಗುವುದರೊಳಗೆ ನಿಂತುಹೋಗುತ್ತವೆ. ಯಾರೋ ಪಿಎಚ್‌ಡಿ ವಿದ್ಯಾರ್ಥಿ ಹತ್ತು ವರ್ಷದ ಹಿಂದೆ ಬರೆದು ಬಿಟ್ಟುಹೋದ ಕೋಡ್, ಇವತ್ತಿಗೂ ಯಾವುದೋ ಪ್ರಯೋಗಾಲಯದಲ್ಲಿ ಓಡುತ್ತಿರುವಂಥದ್ದು. ಅದರಲ್ಲಿ ಪಟ್ಟಿ ಬಂದರೂ ಮಾತೃಕೆ ಬಂದರೂ ಒಂದೇ ಸೂತ್ರ ಕೆಲಸ ಮಾಡಲಿ ಅಂತ ಬೇಕಂತಲೇ ಡಾಟ್ ಟಿ ಹಾಕಿದ್ದಿರಬಹುದು. ಅವರ ತಪ್ಪೇನು? ಹಳೇ ಕೋಡನ್ನು ಮುರಿಯುವ ಮುಂಚೆ ಏನೇನು ತೂಗಿನೋಡಬೇಕು ಅಂತ ನಂಪೈ ಬಳಗ ಒಂದು ಲಿಖಿತ ನೀತಿಯನ್ನೇ ಮಾಡಿಕೊಂಡಿದೆ. ಇದೆಲ್ಲ ನಡೆಸುತ್ತಿದ್ದವರು ಬಹುಪಾಲು ಸ್ವಯಂಸೇವಕರು ಅನ್ನೋದೂ ನೆನಪಿರಲಿ. ನಂಪೈಗಂತಲೇ ಮೊದಲ ಅನುದಾನ ಬಂದದ್ದು 2017ರಲ್ಲಿ, 1.0 ಬಂದು ಹತ್ತು ವರ್ಷ ದಾಟಿದ ಮೇಲೆ.

ಆದರೆ ಈ ವಾದದಲ್ಲಿ ಒಂದು ಓರೆ ಇದೆ. ಈಗಾಗಲೇ ಇರುವ ಬಳಕೆದಾರರಿಗೆ ದನಿ ಇದೆ, ನಾಳೆ ಬರುವ ಹೊಸಬರಿಗೆ ಇಲ್ಲ. ಕೋಡ್ ಮುರಿದವರು ಕೂಗುತ್ತಾರೆ, ಲೆಕ್ಕಕ್ಕೆ ಸಿಗುತ್ತಾರೆ. ತಪ್ಪು ಉತ್ತರ ಬಂದವರಿಗೆ ತಪ್ಪು ಬಂದಿದೆ ಅಂತಲೇ ಗೊತ್ತಿರಲ್ಲ, ಅವರು ಕೂಗೋದು ಹೇಗೆ? ಆ ವರದಿಗಾರರು ಫೋನ್ ಮಾಡದಿದ್ದರೆ ನಾನೂ ಅವರಲ್ಲೊಬ್ಬ. ಬದಲಾವಣೆಯ ನಷ್ಟ ಕಣ್ಣಿಗೆ ಕಾಣುತ್ತೆ, ಬದಲಾಗದಿರುವುದರ ನಷ್ಟ ಯಾರದೋ ಗ್ರಾಫ್‌ನೊಳಗೆ ಸುಮ್ಮನೆ ಕೂತಿರುತ್ತೆ. ನನ್ನ ಅಭಿಪ್ರಾಯ ಕೇಳಿದರೆ, 2006ರಲ್ಲೇ ಡಾಟ್ ಟಿ ಎರಡು ಅಕ್ಷಕ್ಕೆ ಮಾತ್ರ ಕೆಲಸ ಮಾಡಬೇಕಿತ್ತು. ಉಳಿದ ಕಡೆ 'ನಿಮಗೆ ಏನು ಬೇಕು ಸ್ಪಷ್ಟವಾಗಿ ಹೇಳಿ' ಅಂತ ನಿಲ್ಲಬೇಕಿತ್ತು. ಅರ್ಥ ಎರಡಿರುವ ಕಡೆ ಮೂರನೆಯದನ್ನು, ಅಂದರೆ ಏನೂ ಮಾಡದಿರುವುದನ್ನು, ಆರಿಸಿಕೊಳ್ಳೋದು ಸೌಜನ್ಯದಂತೆ ಕಾಣುತ್ತೆ, ಅಷ್ಟೇ.

ಮುರಿಯೋಕೂ ಆಗಲ್ಲ, ಬಿಡೋಕೂ ಆಗಲ್ಲ ಅನ್ನೋವಾಗ ಈ ಲೋಕದಲ್ಲಿ ಮಾಡೋದು ಒಂದೇ: ಹೊಸ ಹೆಸರು ಇಡೋದು. ಪೈಥಾನ್‌ನಲ್ಲಿ ಹೀಗೆ ಒಮ್ಮೆ ಆಗಿದೆ. ನಕ್ಷತ್ರ ಚಿಹ್ನೆ ಅಂಕಿಗೆ ಅಂಕಿ ಗುಣಿಸಬೇಕೋ ಮಾತೃಕೆಯ ಗುಣಾಕಾರ ಮಾಡಬೇಕೋ ಅನ್ನೋ ಗೊಂದಲಕ್ಕೆ ನಂಪೈ ಮ್ಯಾಟ್ರಿಕ್ಸ್ ಅನ್ನೋ ಬೇರೆ ಬಗೆಯನ್ನೇ ಇಟ್ಟಿತ್ತು. ಅದು ಗೊಂದಲವನ್ನು ಇಮ್ಮಡಿ ಮಾಡಿತು. ಕೊನೆಗೆ ನಥಾನಿಯಲ್ ಸ್ಮಿತ್ 2014ರಲ್ಲಿ ಬರೆದ ಪ್ರಸ್ತಾವದಿಂದ @ ಚಿಹ್ನೆ ಮಾತೃಕೆಯ ಗುಣಾಕಾರಕ್ಕೆ ಮೀಸಲಾಯಿತು, 2015ರ ಪೈಥಾನ್ 3.5ರಲ್ಲಿ ಬಂತು. ಮ್ಯಾಟ್ರಿಕ್ಸ್ ಬಗೆಯನ್ನು ಬಳಸಬೇಡಿ ಅಂತ ಈಗ ನಂಪೈನ ದಾಖಲೆಯೇ ಹೇಳುತ್ತೆ.

ಟ್ರಾನ್ಸ್‌ಪೋಸ್‌ಗೂ ಅದೇ ದಾರಿ. ನಂಪೈ, ಪೈಟಾರ್ಚ್ ಮುಂತಾದವುಗಳೆಲ್ಲ ಒಂದೇ ರೀತಿ ನಡೆದುಕೊಳ್ಳಲಿ ಅಂತ 2020ರಲ್ಲಿ ಒಂದು ಒಕ್ಕೂಟ ಹುಟ್ಟಿ ಅರೇ ಎಪಿಐ ಅನ್ನೋ ಮಾನದಂಡ ಬರೆಯಿತು. ಅದರಲ್ಲಿ ಡಾಟ್ ಟಿ ಎರಡು ಅಕ್ಷಕ್ಕೆ ಮಾತ್ರ. ಕಟ್ಟುಗಳಿಗೆ ಡಾಟ್ ಎಂಟಿ, ಅಂದರೆ ಮ್ಯಾಟ್ರಿಕ್ಸ್ ಟ್ರಾನ್ಸ್‌ಪೋಸ್: ಕೊನೆಯ ಎರಡು ಅಕ್ಷಗಳನ್ನಷ್ಟೇ ಅದಲುಬದಲು ಮಾಡುತ್ತೆ, ಫೋಟೊ ಫೋಟೊ ಆಗಿಯೇ ಉಳಿಯುತ್ತೆ. ಎರಡಲ್ಲದ ಅಕ್ಷಕ್ಕೆ ಡಾಟ್ ಟಿ ಬಳಸೋದನ್ನ ಮುಂದೆ ನಿಲ್ಲಿಸುತ್ತೇವೆ ಅಂತ ಪೈಟಾರ್ಚ್ ಎಚ್ಚರಿಕೆಯನ್ನೂ ಹಾಕಿದೆ. ನಂಪೈ 2024ರ ಜೂನ್‌ನಲ್ಲಿ 2.0 ತಂದಾಗ ಡಾಟ್ ಎಂಟಿ ಸೇರಿಸಿತು. ಹಳೇ ಡಾಟ್ ಟಿಯನ್ನು ಮಾತ್ರ ಮುಟ್ಟಲಿಲ್ಲ. ಅದು ಇವತ್ತಿಗೂ ಒಂದೇ ಅಕ್ಷದ ಪಟ್ಟಿಯನ್ನು ಹಾಗೇ ವಾಪಸ್ ಕೊಡುತ್ತೆ.

ನನ್ನ ಲೆಕ್ಕಕ್ಕೆ ಆಗ ಬೇಕಾಗಿದ್ದ ಪರಿಹಾರ ಸಣ್ಣದು. ಪಟ್ಟಿಯನ್ನು '12 ಅಡ್ಡಸಾಲು, 1 ಕಂಬಸಾಲು' ಅಂತ ಬಾಯಿಬಿಟ್ಟು ರೀಶೇಪ್ ಮಾಡೋದು. ಮಾಡಿದ ಮೇಲೆ ಏಪ್ರಿಲ್‌ನ ಪಾತಾಳ ಮಾಯವಾಯಿತು. ಬದಲಿಗೆ ಆ ದೊಡ್ಡ ತಾಲೂಕಿನ ಗೆರೆ ವರ್ಷಪೂರ್ತಿ ಗ್ರಾಫ್‌ನ ತಳದಲ್ಲೇ ಮಲಗಿತ್ತು. ಜನ ಜಾಸ್ತಿ, ಟ್ಯಾಂಕರ್ ಮಾತ್ರ ಎಲ್ಲರಷ್ಟೇ. ಸ್ಟೋರಿಯನ್ನು ಮೊದಲಿಂದ ಬರೆದೆ, ಶೀರ್ಷಿಕೆಯಿಂದ ಬೇಸಿಗೆ ಹೋಗಿ ಆ ತಾಲೂಕಿನ ಹೆಸರು ಬಂತು.

ಹಳೇ ಫೈಲ್ ಇನ್ನೂ ಲ್ಯಾಪ್‌ಟಾಪ್‌ನಲ್ಲಿದೆ. ಅದರಲ್ಲಿ ಕೋಷ್ಟಕದ ಹೆಸರು 'ನೀರು', ಪಟ್ಟಿಯ ಹೆಸರು 'ಜನ'. ಪೈಥಾನ್ 3ರಲ್ಲಿ ಕನ್ನಡದಲ್ಲೇ ಹೆಸರಿಡಬಹುದು, ಗೊತ್ತಿಲ್ಲದವರು ಪ್ರಯತ್ನಿಸಿ ನೋಡಿ. ಈ ಬರಹಕ್ಕೆ ಅಂತ ಮೊನ್ನೆ ಅದನ್ನ ತೆರೆದು, ಆ ತಪ್ಪು ಸಾಲಿನಲ್ಲಿ ಡಾಟ್ ಟಿ ಇದ್ದ ಕಡೆ ಡಾಟ್ ಎಂಟಿ ಅಂತ ತಿದ್ದಿ ಓಡಿಸಿದೆ. ಎರಡಕ್ಕಿಂತ ಕಡಿಮೆ ಅಕ್ಷ ಇದ್ದರೆ ಮಾತೃಕೆಯ ಟ್ರಾನ್ಸ್‌ಪೋಸ್‌ಗೆ ಅರ್ಥವಿಲ್ಲ ಅಂತ ಎರರ್ ಕೊಟ್ಟು ಆ ಸಾಲಿನಲ್ಲೇ ನಿಂತಿತು. ಗ್ರಾಫ್ ಬರಲೇ ಇಲ್ಲ.